ಅಮ್ಮಯಮ್ಮನ ಸಂಕಲ್ಪ

"ಕೈ ಬಿಡಣ್ಣಾ. ನೀರು ಆರೋಗ್ತದೆ," ಎನ್ನುತ್ತ ಮುನಿಸ್ವಾಮಿ ಅಣ್ಣನ ಬೆರಳುಗಳನ್ನು ಬಿಡಿಸತೊಡಗಿದ.

ಮುನಿರಾಮಯ್ಯ ಹೆಂಡತಿಯ ಮಣಿಕಟ್ಟು ಬಿಡಲೊಲ್ಲ. ಮೈ ತೊಳೆಯಲು ಬಂದ ಹೆಂಗಸರು ಸೀರೆಯ ಮರೆ ಹಿಡಿದು ಕಾಯುತ್ತಿದ್ದರು.

"ಎದೆ ನೋಯ್ತದೆ ಅಂತ ಅವ್ಳು ಒಂದ್ ಮಾತು ನಂಗೆ ಹೇಳ್ಬಾರ್ದಿತ್ತೇನೋ? ನಾನೇನ್ ಹೊರಗಿನೋನಾ?"

ನಿನ್ನೆಯಿಂದ ಅವನದು ಇದೊಂದೇ ಮಾತು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮಯಮ್ಮ ಹಾಗೇ ಪಕ್ಕಕ್ಕೆ ವಾಲಿದ್ದಳು. ದೇವನಹಳ್ಳಿಗೆ ಹೊತ್ತೊಯ್ದರೆ, ಡಾಕ್ಟರು ಕೈ ನೋಡಿ, ಪ್ರಾಣ ಹೋಗಿದೆ ಎಂದು ತಲೆಯಾಡಿಸಿ, "ವಾರದಿಂದ್ಲೇ ನೋವು ಬಂದಿರುತ್ತೆ. ಯಾಕೆ ಸುಮ್ನಿದ್ರಿ?" ಎಂದಿದ್ದರು. ಕಾಲಿಗೆ ಮುಳ್ಳು ಚುಚ್ಚಿದರೂ ಅರ್ಧ ಆವತಿ ಊರಿಗೇ ಕೇಳುವ ಹಾಗೆ ಕೂಗುವ ಹೆಂಗಸು. ಅಂಥವಳು ಗಂಡನಿಂದ ಬಚ್ಚಿಟ್ಟಳೆಂದರೆ, ಇಷ್ಟು ವರ್ಷದ ಸಂಸಾರದಲ್ಲಿ ತಾನು ಅವಳಿಗೆ ಏನೂ ಆಗಿರಲಿಲ್ಲವೇ?

"ಅಪ್ಪಾ, ಏಳಪ್ಪಾ," ಎಂದು ಮಗಳು ಚಂದನ ಅಳುತ್ತಲೇ ಅವನನ್ನು ಎಬ್ಬಿಸಿ ಜಗುಲಿಗೆ ಕರೆತಂದಳು.

*

ಹೊಸ ವರ್ಷದ ದಿನ ಅಮ್ಮಯಮ್ಮ ಹಳೇ ಜಮಖಾನವನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹಾಲಿನ ಡೈರಿಯ ಮೇಲಿನ ಹಾಲ್‌ನಿಂದ ಮನೆಗೆ ಬಂದಿದ್ದಳು. ಅಲ್ಲಿ ಊರ ಸೊಸೆ ರೂಪ ಹೆಂಗಸರಿಗೆ ಯೋಗ ಹೇಳಿಕೊಡುತ್ತಾಳೆ.

"ಏನಮ್ಮೀ, ಸ್ವಾಮಿಗೋಳು ಆಗ್ಬಿಟ್ಟಂಗಿದೀಯ?" ಎಂದು ಮುನಿರಾಮಯ್ಯ ರೇಗಿಸಿದ್ದ.

"ಸಂಕಲ್ಪ ಮಾಡ್ಕೊಂಡ್ ಬಂದಿದೀನಿ. ಏನು ಅಂತ ಕೇಳ್ಬೇಡ, ಹೇಳಾಕಿಲ್ಲ."

ಅವತ್ತಿನಿಂದ ಅವಳಿಗೆ ಅದೇನು ಹುರುಪೋ! ನಾಲ್ಕು ದಿನ ಕಳೆದಿರಬೇಕು, ಒಲೆಯ ಮುಂದೆ ಎದೆ ಒತ್ತಿಕೊಂಡು ನಿಂತಿದ್ದಳು. ಹಣೆಯ ಮೇಲೆಲ್ಲ ಬೆವರು.

"ಯಾಕೆ? ಏನಾಯ್ತು?"

"ಚೆನ್ನಾಗಿದೀನಿ. ಭಾಳ ಚೆನ್ನಾಗಿದೀನಿ," ಎಂದು ಹಲ್ಲು ಕಚ್ಚಿಕೊಂಡೇ ನಕ್ಕಳು.

"ಈ ಚಳೀಲೂ ಬೆವರ್ತೀಯಲ್ಲ, ಯೋಗದ ಮಹಿಮೆ ಬಿಡು," ಎಂದು ಅವನೂ ನಕ್ಕು ಹೊಲಕ್ಕೆ ಹೊರಟುಬಿಟ್ಟ.

*

ಮಧ್ಯಾಹ್ನದ ಹೊತ್ತಿಗೆ ರೂಪ ಹಾರ ಹಿಡಿದು ಬಂದಳು. ಅರಿಶಿನ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಅಮ್ಮಯಮ್ಮನ ಕಾಲು ಮುಟ್ಟಿದವಳು ಅಲ್ಲೇ ಕುಸಿದಳು. ಮುನಿರಾಮಯ್ಯ ಅವಳನ್ನೂ ಬಿಡಲಿಲ್ಲ.

"ನಿನ್ ಹತ್ರಾನಾದ್ರೂ ಹೇಳಿದ್ಲೇನವ್ವಾ, ನೋಯ್ತದೆ ಅಂತ?"

"ಇಲ್ಲ ಮಾವಾ. ಮೊನ್ನೆ ಎದೆ ಹಿಡ್ಕೊಂಡ್ ಕೂತ್ಬಿಟ್ರು. ಏನತ್ತೆ ಅಂದ್ರೆ, ಬಾಯ್ಮೇಲೆ ಬೆರಳಿಟ್ರು. ತಮಾಷೆಗೆ ಅನ್ಕೊಂಡ್ಬಿಟ್ಟೆ."

"ತಮಾಷೆನಾ?" ಎಂದಳು ಚಂದನ.

ರೂಪ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಹೊಸ ವರ್ಷಕ್ಕೆ ಎಲ್ರಿಗೂ ಸಂಕಲ್ಪ ಮಾಡ್ಸಿದ್ದೆ. ಒಳ್ಳೇದನ್ನೇ ಅಂದ್ಕೊಳಿ, ನೋವು, ಕಾಯಿಲೆ ಅನ್ನೋ ಮಾತು ಬಾಯಲ್ಲಿ ಬರೋದ್ಬೇಡ ಅಂದಿದ್ದೆ. ಅತ್ತೆ ಹೋಗೋವಾಗ ನನ್ನ ಪಕ್ಕಕ್ಕೆ ಕರೆದು ಕೇಳಿದ್ರು, ತಪ್ಪಿ ಆ ಮಾತು ಬಂದ್ಬಿಟ್ರೆ ಸಂಕಲ್ಪ ಮುರಿದೋಗ್ತದಾ ಅಂತ. ನಾನು ನಗಾಡ್ಕೊಂಡು, ಹೂಂ ಅತ್ತೆ, ಬರಂಗೇ ಇಲ್ಲ ಅಂದ್ಬಿಟ್ಟೆ. ಅವ್ರು ಹರಕೆ ಥರ ತಗೊಂಡವ್ರೆ ಅಂತ ನಂಗೆ ಹೊಳೀಲಿಲ್ಲ ಮಾವಾ."

"ಏನಂತ ಸಂಕಲ್ಪ?"

ರೂಪ ತಂದ ಹಾರವನ್ನು ಅಮ್ಮಯಮ್ಮನ ಕಾಲ ಬಳಿ ಇಟ್ಟಳು.

"ಹೇಳವ್ವಾ."

"ನನ್ ಗಂಡನ ಎದೆ ವಾಸಿಯಾಗಿದೆ ಅಂತ."

ಹೋದ ವರ್ಷ ಮುನಿರಾಮಯ್ಯನ ಎದೆಗೆ ಸ್ಟೆಂಟ್ ಹಾಕಿದ್ದರು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮಯಮ್ಮ ಹೊರದ ಹರಕೆಯಿಲ್ಲ. ಹರಕೆ ತಪ್ಪಿದರೆ ಕೊಟ್ಟದ್ದನ್ನು ದೇವರು ವಾಪಸು ಕೇಳುತ್ತಾನೆ ಎಂದು ನಂಬಿದ ಜೀವ. ತನ್ನ ನೋವು ಬಾಯಿಬಿಟ್ಟರೆ ಗಂಡನ ನೋವು ತಿರುಗಿ ಬಂದೀತೆಂದು ನುಂಗಿಕೊಂಡೇ ಓಡಾಡಿದ್ದಳು.

"ಅಯ್ಯೋ ಹುಚ್ಚಿ," ಎಂದನು ಮುನಿರಾಮಯ್ಯ. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ.

*

ಹೊಲದ ಬದುವಿನ ಪಕ್ಕ ಗುಂಡಿ ತೆಗೆದಿದ್ದರು. ಅಮ್ಮಯಮ್ಮನನ್ನು ಇಳಿಸಿದ್ದಾಯಿತು. "ಮೊದ್ಲು ನೀನು ಮಣ್ ಕೊಡಣ್ಣಾ," ಎಂದ ಮುನಿಸ್ವಾಮಿ.

ಮುನಿರಾಮಯ್ಯ ಒಂದು ಹಿಡಿ ಮಣ್ಣು ತೆಗೆದುಕೊಂಡು ಅಂಚಿನಲ್ಲಿ ಮಂಡಿಯೂರಿದ. ಹಾಕಲಿಲ್ಲ.

"ಎದೆ ನೋಯ್ತದೆ ಕಣೇ," ಎಂದ ಒಳಕ್ಕೆ ಬಗ್ಗಿ, ಎಲ್ಲರಿಗೂ ಕೇಳುವಂತೆ. "ಭಾಳ ನೋಯ್ತದೆ. ನಿನ್ ಸಂಕಲ್ಪ ಮುರಿದಾಯ್ತು, ಇನ್ನೇನೂ ಭಯ ಇಲ್ಲ. ಈಗಾದ್ರೂ ಹೇಳೇ, ನಿಂಗೆಲ್ಲಿ ನೋಯ್ತಿತ್ತು?"

ಚಂದನ ಓಡಿಬಂದು ಅವನ ಭುಜ ಹಿಡಿದಳು. ಅವನು ತಡಿ ಎಂಬಂತೆ ಕೈ ತೋರಿಸಿದ. ಗುದ್ದಲಿ ಹಿಡಿದವರೂ ಹಾಗೇ ನಿಂತರು. ಮುನಿರಾಮಯ್ಯ ಒಂದು ಕಿವಿಯನ್ನು ಗುಂಡಿಯ ಕಡೆಗೆ ವಾಲಿಸಿ, ಉಸಿರು ಬಿಗಿಹಿಡಿದು ಕೂತಿದ್ದ.