ಎರಡು ಹಾರನ್ನುಗಳ ನಡುವಿನ ಚಾಪೆ

ಅಲ್ಲಾಳಸಂದ್ರದ ಹೆಂಗಸರು ಇಂದಿಗೂ ನಕ್ಕು ನಕ್ಕು ಹೇಳುವ ಸಂಗತಿಯಿದು. ಊರಿನ ಮದುವೆಗಳಿಗೆ ಮೈಕ್ ಸೆಟ್ಟು ಕಾಲಿಟ್ಟ ಎಪ್ಪತ್ತರ ದಶಕದಲ್ಲಿ ನಡೆದದ್ದು.

ಮುನಿಕೃಷ್ಣಪ್ಪನ ಮಗಳ ಮದುವೆ. ಸೋಬಾನೆಯಲ್ಲಿ ಹೆಣ್ಣಿನ ಕಡೆಗೆ ಪದ ಎತ್ತುವವಳು ಸೊಣ್ಣಮ್ಮ. ಅದು ಅವಳಿಗೆ ಅತ್ತೆಯಿಂದ ಬಂದ ಹಕ್ಕು. ಹೆಸರಘಟ್ಟದಿಂದ ಬಂದ ಗಂಡಿನ ಕಡೆಯವರು ಎದುರು ಬೀದಿಯ ಬಿಡಾರದಿಂದ ಮೈಕಿನಲ್ಲಿ ಹಂಗಿಸಿ ಹಾಡಬೇಕು, ಇವರು ಚಪ್ಪರದಿಂದ ತಮ್ಮ ಮೈಕಿನಲ್ಲಿ ತಿರುಗೇಟು ಕೊಡಬೇಕು. ಎರಡೂ ಮೈಕುಗಳ ದನಿ ಹೊರಡಲೆಂದು ಮೈಕ್ ಸೆಟ್ಟಿನ ಲಕ್ಕಣ್ಣ ಚಪ್ಪರದ ಎರಡು ತುದಿಗೆ ತುತ್ತೂರಿಯಂಥ ಎರಡು ಹಾರನ್ನುಗಳನ್ನು ಎದುರುಬದುರಾಗಿ ಕಟ್ಟಿದ್ದ. ಪದ ಎತ್ತುವವಳಿಗೆ ಎರಡೂ ಕಿವಿಗೆ ಸಮನಾಗಿ ಕೇಳಲೆಂದು ಹಗ್ಗ ಹಿಡಿದು ಅಳೆದು, ನಟ್ಟನಡುವೆ ಅವಳ ಚಾಪೆ ಹಾಸಿಸಿದ. ಅದೂ ಒಂದು ಮರ್ಯಾದೆಯೇ.

ಗಂಡಿನವರ ಹಾಡು ಹೊರಟಿತು. ಸುತ್ತಲಿನವರು ಕಿಸಕ್ಕನೆ ನಕ್ಕರು. ಸೊಣ್ಣಮ್ಮನಿಗೆ ಮಾತ್ರ ಬಾವಿಯ ತಳದಲ್ಲಿ ಯಾರೋ ಗೊಣಗಿದಂತಾಯಿತೇ ಹೊರತು ಒಂದು ನುಡಿಯೂ ತಿಳಿಯಲಿಲ್ಲ. ಪಕ್ಕದವರ ಮಾತು ಕೇಳುತ್ತಿತ್ತು, ದೂರದ ದನಿ ಇಲ್ಲ. ಅತ್ತೆಗೂ ಕಿವುಡು ಹೀಗೆಯೇ ಹತ್ತಿತ್ತು.

“ಅಕ್ಕಯ್ಯ, ಎತ್ತು! ಆಡ್ಕೊಂಡ್ ನಗ್ತಾವ್ರೆ!” ವಾರಗಿತ್ತಿ ಭುಜ ತಿವಿದಳು.

“ಅದೇನಂದ್ರಮ್ಮಿ?”

“ಅಯ್ಯೋ, ಅಂಗ್ ಕಿರುಚ್ತಾವ್ರೆ, ಕೇಳಿಸ್ನಿಲ್ವಾ?”

ಸೊಣ್ಣಮ್ಮ ವೀಳ್ಯದ ತಟ್ಟೆಯನ್ನು ಕೈಗೆತ್ತಿಕೊಂಡು ಎದ್ದಳು. ಆ ತಟ್ಟೆ ಇನ್ನೊಬ್ಬಳ ಕೈ ಸೇರಿದರೆ ಪದ ಎತ್ತುವ ಹಕ್ಕೂ ಸೇರಿದಂತೆ, ಮತ್ತೆ ಕೇಳುವಂತಿಲ್ಲ.

“ತಕಳಮ್ಮಿ. ನನ್ ಕಿವಿ ಓಯ್ತು. ಇನ್ಮ್ಯಾಕೆ ನೀನೇ ಎತ್ತು.”

ವಾರಗಿತ್ತಿ ಹೌಹಾರಿ ಕೈ ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ, ಧಾರವಾಡದ ಕಡೆಯಿಂದ ಬಂದು ಸೊಣ್ಣಮ್ಮನ ಮನೆಯಲ್ಲಿ ಬಾಡಿಗೆಗಿದ್ದ ರತ್ನವ್ವ ಖಾಲಿಯಾದ ಚಾಪೆಗೆ ಸರಿದು ಕುಳಿತಳು.

“ಯವ್ವಾ! ಹಾಡು ಯಾಕ ನಿಂತ್ವು?”

“ಎಲ್ಲಿ ನಿಂತದೆ? ನಡೀತಾನೇ ಅದೆ!” ಎಂದರು ಉಳಿದವರು.

ರತ್ನವ್ವ ಎಡಕ್ಕೆ ವಾಲಿದಳು, ನೆಟ್ಟಗಾದಳು, ಬಲಕ್ಕೆ ವಾಲಿದಳು. “ಹಿಂಗ ಬಾಗಿದ್ರ ಕೇಳತೈತಿ, ನೆಟ್ಟಗ ಕುಂತ್ರ ಇಲ್ಲ! ಅಕ್ಕಾರ, ಕಿವುಡು ಬಂದದ್ದು ನಿಮಗಲ್ಲರೀ, ಈ ಚಾಪಿಗೆ!”

ಕಂಬದ ಬಳಿಗೆ ಸರಿದಿದ್ದ ಸೊಣ್ಣಮ್ಮನಿಗೆ ಆಗಲೇ ಪ್ರತಿ ನುಡಿಯೂ ಖಣಖಣ ಕೇಳುತ್ತಿತ್ತು:

“ಬೀಗರ ಸಾರಿನಲಿ ಬೇಳೆ ಕಾಣಲೆ ಇಲ್ಲ,
ಲಾಟೀನು ಹಿಡಿದು ಹುಡುಕೇವು!”

ಅವಳು ತಟ್ಟೆಯನ್ನು ಸರಕ್ಕನೆ ಸೆರಗಿನಡಿಗೆ ಎಳೆದುಕೊಂಡಳು. ವಾರಗಿತ್ತಿ ಬಾಯಿಗೆ ಸೆರಗು ಒತ್ತಿ ನಕ್ಕಳು.

ಗದ್ದಲ ಕೇಳಿ ಲಕ್ಕಣ್ಣ ಓಡಿಬಂದ. ತಂತಿ ನೋಡಿ ನಾಲಿಗೆ ಕಚ್ಚಿಕೊಂಡ. “ಒಂದ್ ಹಾರನ್ನಿಗೆ ತಂತಿ ತಿರುಗಾಮುರುಗಾ ಕೊಟ್ಬಿಟ್ಟಿವ್ನಿ ಕಣಕ್ಕ. ಒಂದು ಗಾಳೀನ ತಳ್ಳೋವಾಗ ಇನ್ನೊಂದು ಎಳೀತದೆ. ನಡುಮಧ್ಯದಾಗೆ ಎರಡೂ ಒಂದನ್ನೊಂದು ನುಂಗ್ಕೊಂಬುಡ್ತವೆ. ತಡೀರಿ, ಈಗ್ಲೇ ಸರಿಮಾಡ್ತೀನಿ.”

“ಮುಟ್ಟೀಯ, ಜೋಕೆ!” ಎಂದು ಬಾಣಂತಿಯೊಬ್ಬಳು ಗದರಿದಳು. ಬೆಳಗಿನಿಂದ ಹಾರನ್ನಿನ ಅಬ್ಬರಕ್ಕೆ ಕಣ್ಣು ಮುಚ್ಚದಿದ್ದ ಅವಳ ಕೂಸು, ರತ್ನವ್ವ ಬಿಟ್ಟೆದ್ದ ಆ ಚಾಪೆಯ ಮೇಲೆ ಮಲಗಿಸಿದೊಡನೆ, ಆಗಷ್ಟೇ ನಿದ್ದೆಹೋಗಿತ್ತು. ಇನ್ನಿಬ್ಬರು ತಾಯಂದಿರು ತಮ್ಮ ಕೂಸುಗಳನ್ನೂ ತಂದು, ಎರಡು ಹಾರನ್ನುಗಳಿಗೂ ಸಮದೂರ ಬರುವಂತೆ, ಒಂದರ ಹಿಂದೊಂದು ಮಲಗಿಸಿದರು.

ಸೊಣ್ಣಮ್ಮ ಕಂಬಕ್ಕೊರಗಿ ನಿಂತು, ಮೈಕು ಹತ್ತಿರಕ್ಕೆಳೆದುಕೊಂಡು ಎತ್ತಿದಳು:

“ಲಾಟೀನು ತಂದಿದ್ರೆ ಬೇಳೆ ಹಾಗಿರಲವ್ವ,
ಗಂಡಿನ ಮೀಸೆ ಹುಡುಕೀರಿ!”

ಬಿಡಾರದವರ ನಗು ಎರಡೂ ಹಾರನ್ನುಗಳಿಂದ ಭೋರ್ಗರೆಯಿತು. ಅವರಿನ್ನೂ ಸಾವರಿಸಿಕೊಳ್ಳುತ್ತಿರುವಾಗಲೇ ಸೊಣ್ಣಮ್ಮ ಮುಂದಿನ ಪದವನ್ನೂ ಎತ್ತಿಬಿಟ್ಟಳು.