ಕಾಪುವಿನ ಉಪ್ಪು, ಕಾರ್ಕಳದ ಜ್ವಾಲೆ

ನಮ್ಮ ಮನೆಯಲ್ಲಿ ತಂದೆಯನ್ನು ಉಪ್ಪ ಎನ್ನುತ್ತೇವೆ. ನಮ್ಮ ಉಪ್ಪ ಸಯೀದ್ ಬ್ಯಾರಿಯವರದು ಕಾಪುವಿನಲ್ಲಿ ಒಣಮೀನಿನ ವ್ಯಾಪಾರ. ಹಾಗಾಗಿ ಉಪ್ಪನ ಕೈತುಂಬ ಯಾವಾಗಲೂ ಉಪ್ಪು. ಇದನ್ನು ನಾನು ಆರನೇ ಕ್ಲಾಸಿನಲ್ಲೇ ಹೇಳಿ ಎಲ್ಲರನ್ನೂ ನಗಿಸಿ, ಸಂಜೆ ಮನೆಯಲ್ಲಿ ಬೈಸಿಕೊಂಡದ್ದಾಗಿದೆ.

ಅಂದು ಗುರುವಾರ. ಕಾರ್ಕಳದ ಕಾಲೇಜೊಂದರಲ್ಲಿ ಉಪನ್ಯಾಸಕ ಹುದ್ದೆಗೆ ನನ್ನದು ಡೆಮೊ ಕ್ಲಾಸ್. ಪಿಯುಸಿ ಮಕ್ಕಳಿಗೆ ಅರ್ಧ ಗಂಟೆ ಪಾಠ ಮಾಡಬೇಕು, ಹಿಂದಿನ ಬೆಂಚಿನಲ್ಲಿ ಕುಳಿತವರು ಅಂಕ ಹಾಕುತ್ತಾರೆ. ಇಂಥ ಎರಡು ಡೆಮೊಗಳಲ್ಲಿ ನಾನಾಗಲೇ ಸೋತಿದ್ದೆ. ಇದೂ ಹೋದರೆ ಕಡಲಾಚೆಯ ದಮ್ಮಾಮಿನಲ್ಲಿ ಮಾಮನ ಸೂಪರ್ ಮಾರ್ಕೆಟ್ ಕಾದಿತ್ತು. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳು ಎಂದಿದ್ದರು ಮಾಮ. ಎಂಎಸ್ಸಿ ಓದಿದ್ದು ಡಿಟರ್ಜೆಂಟ್ ಪ್ಯಾಕೆಟ್ ಜೋಡಿಸುವುದಕ್ಕಾ ಎಂದು ನಾನು ಕೇಳಲಿಲ್ಲ. ಅದೂ ಕೆಮಿಸ್ಟ್ರಿಯೇ ತಾನೇ ಎಂದುಬಿಡುವ ಮನುಷ್ಯ ಅವರು.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಇಸ್ತ್ರಿ ಶರ್ಟಿನಲ್ಲಿ ನಿಂತಿದ್ದೆ. ಉಡುಪಿಗೆ ಹೊರಟ ಉಪ್ಪ ಎರಡು ಗೋಣಿಯೊಂದಿಗೆ ಬಂದರು.

"ಮೋನೆ, ಒಂದು ಕೈ ಕೊಡು." ಮೋನೆ ಎಂದರೆ ನಮ್ಮ ಮನೆಮಾತಿನಲ್ಲಿ ಮಗನೇ ಎಂದು.

"ಉಪ್ಪ, ಇವತ್ತು ಇಂಟರ್ವ್ಯೂ ಉಂಟು."

"ಇಂಟರ್ವ್ಯೂ ಬಾಯಿಗಲ್ವಾ? ನಾನು ಕೇಳಿದ್ದು ಕೈಯನ್ನು."

ಮಾತಿನಲ್ಲಿ ನಾನು ಯಾರ ಮಗನೆಂದು ಇಲ್ಲಿಗೆ ತಿಳಿದಿರಬೇಕು. ಗೋಣಿಗಳನ್ನು ಬಸ್ಸಿನ ಡಿಕ್ಕಿಗೆ ಏರಿಸಿದೆ, ಉಡುಪಿಯಲ್ಲಿ ಇಳಿಸಿದೆ. ಆಮೇಲೆ ಹಿರಿಯಡ್ಕ ದಾಟುವವರೆಗೂ ಕೈ ಮೂಸುವುದೇ ಕೆಲಸವಾಯಿತು. ಪಕ್ಕದ ಸೀಟಿನವರು ಬೈಲೂರಿನಲ್ಲಿ ಎದ್ದು ಹಿಂದೆ ಹೋಗಿ ಕುಳಿತರು. ಕಾರ್ಕಳದಲ್ಲಿ ಇಳಿದವನೇ ಹೋಟೆಲಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ಐದು ಸಲ ಕೈ ತೊಳೆದೆ, ತೊಳೆದಷ್ಟೂ ಸಲ ಮೂಸಿದೆ. ಕಾಪುವಿನವನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಬದಲು ಕೈ ಹೇಳುವುದು ಬೇಡವಿತ್ತು, ಅಷ್ಟೇ.

ಅದು ನಾನು ಪಿಯುಸಿ ಓದಿದ ಕಾಲೇಜೇ. ಪ್ರಾಂಶುಪಾಲ ವಿಠಲ ಸರ್ ಹೊಸಬರು. ಹಳಬರೆಂದರೆ ಲ್ಯಾಬಿನ ಅಟೆಂಡರ್ ಬರ್ತಾ ಬಾಯಿ ಒಬ್ಬರೇ. ಅವರನ್ನು ಕಂಡು ಮುಖ ಆಚೆ ತಿರುಗಿಸಿದೆ. ಒಂಬತ್ತು ವರ್ಷದ ಹಿಂದೆ ಕಾಲೇಜ್ ಡೇ ದಿನ ಸೆರಗು ಸಿಕ್ಕಿಸಿಕೊಂಡು ಮೂಗಿನಲ್ಲಿ ಮಾತಾಡಿ ಅವರ ಮಿಮಿಕ್ರಿ ಮಾಡಿದವನು ನಾನು. "ಏ ಮಕ್ಕಳೇ, ತಂತಿ ಕೈಯಲ್ಲಿ ಮುಟ್ಟುದು ಬೇಡ ಆಯ್ತಾ" ಎಂಬ ಅವರ ದಿನನಿತ್ಯದ ಮಾತನ್ನು ಏಳು ಸಲ ಹೇಳಿದ್ದೆ. ಏಳು ಸಲವೂ ಸಭಾಂಗಣ ಬಿದ್ದು ಬಿದ್ದು ನಕ್ಕಿತ್ತು. ಅವರು ಎರಡನೇ ಸಾಲಿನಲ್ಲಿದ್ದರು. ನಕ್ಕಿದ್ದರೋ ಇಲ್ಲವೋ ನೋಡುವ ಧೈರ್ಯ ನನಗಾಗಿರಲಿಲ್ಲ.

ಈಗ ಅವರು ಬರ್ನರ್, ಆ್ಯಸಿಡ್, ಪೊಟ್ಯಾಸಿಯಂ ಲವಣದ ಬಿಳಿ ಪುಡಿಯ ಬಟ್ಟಲು ಮತ್ತು ಗಾಜಿನ ಹಿಡಿಯ ತಂತಿಯನ್ನು ಮೇಜಿನ ಮೇಲಿಟ್ಟು, ಗುರುತೇ ಇಲ್ಲದವರಂತೆ ಮೂಲೆಗೆ ಸರಿದರು.

ನನಗೆ ಕೊಟ್ಟ ವಿಷಯ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳ ಜೋಡಣೆ. ಹಿಂದಿನ ಬೆಂಚಿನಲ್ಲಿ ವಿಠಲ ಸರ್, ಅವರ ಪಕ್ಕ ಮಣಿಪಾಲದಿಂದ ಬಂದ ವಿಷಯ ತಜ್ಞೆ ಚೈತಾಲಿ ಮೇಡಂ. ಈ ಮೇಡಂ ನಗುವುದಿಲ್ಲವೆಂದು ಮೊದಲೇ ಕೇಳಿದ್ದೆ. ಮಿಮಿಕ್ರಿ, ಶ್ಲೇಷೆ ಎರಡನ್ನೂ ಗೇಟಿನ ಹೊರಗೇ ಬಿಟ್ಟು ಬಂದಿದ್ದೆ.

"ಪೊಟ್ಯಾಸಿಯಂನಲ್ಲಿ ಹತ್ತೊಂಬತ್ತು ಎಲೆಕ್ಟ್ರಾನ್. ಒಳಗಿನ ಕವಚದಲ್ಲಿ ಎರಡು, ಆಮೇಲೆ ಎಂಟು, ಮತ್ತೆ ಎಂಟು, ಕೊನೆಗೆ ಒಂದೇ ಒಂದು. ಕಾಯಿಸಿದಾಗ ಈ ಒಂಟಿ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಿ, ವಾಪಸ್ ಬೀಳುವಾಗ ಬೆಳಕು ಕೊಡುತ್ತದೆ. ನೀವೀಗ ತಿಳಿ ನೇರಳೆ ಬಣ್ಣ ನೋಡುತ್ತೀರಿ."

ತಂತಿಯ ತುದಿ ಸ್ವಲ್ಪ ಡೊಂಕಾಗಿತ್ತು. ಬೆರಳಿನಲ್ಲಿ ನೇರ ಮಾಡಿ, ಪುಡಿಗೆ ಅದ್ದಿ, ಜ್ವಾಲೆಗೆ ಹಿಡಿದೆ.

ಹಳದಿ. ಮದುವೆ ಮನೆಯ ಅರಿಶಿನದಷ್ಟು ಗಟ್ಟಿ ಹಳದಿ.

"ಸರ್, ಇದು ನೇರಳೆಯಾ?" ಮುಂದಿನ ಬೆಂಚಿನ ಅಕ್ಷಿತಾ ಎಂಬ ಹುಡುಗಿ ಕೇಳಿದಳು.

ಆ್ಯಸಿಡ್ಡಿಗೆ ಅದ್ದಿ ಸುಟ್ಟು ಶುದ್ಧ ಮಾಡಿದೆ. ತುದಿ ಮತ್ತೆ ಬಾಗಿತು, ಮತ್ತೆ ಬೆರಳಿನಲ್ಲಿ ನೇರ ಮಾಡಿದೆ. ಹಳದಿ. ಮೂರನೇ ಸಲವೂ ಹಳದಿ. ಹಣೆ ಒರೆಸಿಕೊಂಡು ನಾಲ್ಕನೆಯದು ಹಿಡಿದೆ, ಅದು ಇನ್ನಷ್ಟು ಹಳದಿ. ಮಕ್ಕಳು ಕಿಸಕ್ಕೆಂದರು. ಚೈತಾಲಿ ಮೇಡಂ ಏನೋ ಬರೆದುಕೊಂಡರು. ಕಣ್ಣಮುಂದೆ ದಮ್ಮಾಮಿನ ವಿಮಾನ ಟೇಕಾಫ್ ಆಯಿತು.

ವಿಠಲ ಸರ್ ಮೂಲೆಯತ್ತ ತಿರುಗಿದರು. "ಎಂತ ಬರ್ತಾ ಬಾಯಿ, ತಂತಿ ಸರಿ ತೊಳೆದಿಲ್ವಾ? ಇಲ್ಲಾ ಬೇರೆ ಪುಡಿ ಕೊಟ್ರಾ? ಹೊರಗಿನವರು ಬಂದಾಗಲೂ ಹೀಗಾ?"

ಬರ್ತಾ ಬಾಯಿ ನನ್ನ ಬೆರಳುಗಳನ್ನು ನೋಡಿದರು, ಆಮೇಲೆ ನನ್ನ ಮುಖವನ್ನು.

ನಾನು ಏಳು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ ಮಾತು ಆಗ ನನಗೆ ಮೊದಲ ಬಾರಿ ಕೇಳಿಸಿತು. ಅವರ ಸ್ವರ ಕಲಿತಿದ್ದೆ, ಏರಿಳಿತ ಕಲಿತಿದ್ದೆ. ಅವರು ಹೇಳಿದ್ದೇನೆಂದು ಮಾತ್ರ ಕಿವಿಗೆ ಹಾಕಿಕೊಂಡಿರಲಿಲ್ಲ.

ಸುಮ್ಮನಿದ್ದರೆ ತಪ್ಪು ಅವರ ತಲೆಗೆ ಹೋಗುತ್ತಿತ್ತು, ಕೆಲಸ ನನಗೆ ಉಳಿದರೂ ಉಳಿಯುತ್ತಿತ್ತು. ಬಾಯಿ ತೆರೆದರೆ ಎರಡನೆಯದು ಖಂಡಿತ ಇಲ್ಲ ಎಂದುಕೊಂಡೇ ತೆರೆದೆ.

"ತಂತಿ ಸರಿಯಿತ್ತು ಸರ್, ಪುಡಿಯೂ ಸರಿಯೇ. ಹಾಳು ಮಾಡಿದ್ದು ನನ್ನ ಕೈ. ನಮ್ಮದು ಕಾಪುವಿನಲ್ಲಿ ಒಣಮೀನಿನ ಅಂಗಡಿ. ಬೆಳಿಗ್ಗೆ ಎರಡು ಗೋಣಿ ಬಂಗುಡೆ ಹೊತ್ತಿದ್ದೇನೆ. ವಾಸನೆ ಬರಬಾರದು ಅಂತ ಐದು ಸಲ ಸಾಬೂನು ಹಚ್ಚಿದೆ. ಮೀನಿನ ಉಪ್ಪಿನಲ್ಲಿ ಇರುವುದೂ ಸೋಡಿಯಂ, ಸಾಬೂನಿನಲ್ಲಿ ಇರುವುದೂ ಸೋಡಿಯಂ. ಈಗ ಹೆದರಿ ಬಂದ ಬೆವರಿನಲ್ಲಿಯೂ ಅದೇ. ಅದೇ ಬೆರಳಿನಲ್ಲಿ ನಾಲ್ಕು ಸಲ ತಂತಿ ಮುಟ್ಟಿದೆ. ಈ ಹಳದಿ ಪೊಟ್ಯಾಸಿಯಂನದ್ದಲ್ಲ, ಕಾಪುವಿನದು."

ಬಣ್ಣ ಬಯಲಾಗುವುದು ಎಂದರೆ ಇದೇ ಎಂದು ನನ್ನೊಳಗಿನ ಪುಂಡ ಪಿಸುಗುಟ್ಟಿದ. ಸುಮ್ಮನಿರು ಎಂದೆ.

ಮಕ್ಕಳು ನಕ್ಕರು. ಈ ಸಲದ ನಗು ಬೇರೆ ಥರ ಇತ್ತು. ಅಕ್ಷಿತಾ ಬಿಡಲಿಲ್ಲ. "ಹಾಗಾದರೆ ಪೊಟ್ಯಾಸಿಯಂ ಎಲ್ಲಿ ಹೋಯ್ತು ಸರ್?"

"ಇಲ್ಲೇ ಉಂಟು. ನಿನಗೆ ಬಸ್ಸಿನ ಹಾರ್ನ್ ಗೊತ್ತುಂಟಾ?"

"ಗೊತ್ತುಂಟು. ನಮ್ಮ ಏಳು ಮುಕ್ಕಾಲರ ಬಸ್ಸಿನದ್ದು ಅಡುಗೆಮನೆಗೆ ಕೇಳ್ತದೆ."

ಗೇಟಿನ ಹೊರಗೆ ಬಿಟ್ಟದ್ದು ಅಷ್ಟರಲ್ಲಿ ಗೋಡೆ ಹಾರಿ ಒಳಗೆ ಬಂದಿತ್ತು. ನಾನು ಕಂಡಕ್ಟರ್ ಆದೆ. "ಪಿರ ಪೋಲೆ, ಪಿರ ಪೋಲೆ, ಹಿಂದೆ ಹೋಗಿ, ಉಡುಪಿ ಬಿಟ್ಟರೆ ಹಿರಿಯಡ್ಕ, ಹಿರಿಯಡ್ಕ ಬಿಟ್ಟರೆ ಕಾರ್ಕಳ, ನಡುವೆ ಇಳಿಯುವವರು ಹತ್ತುದು ಬೇಡ." ಎಲೆಕ್ಟ್ರಾನ್ ಎಂದರೆ ಇಂಥ ಎಕ್ಸ್‌ಪ್ರೆಸ್ ಬಸ್, ಗೊತ್ತಾದ ಸ್ಟಾಪುಗಳಲ್ಲದೆ ನಡುವೆ ಎಲ್ಲಿಯೂ ನಿಲ್ಲುವುದಿಲ್ಲ ಎಂದೆ. ಬೆಂಕಿ ಅದನ್ನು ಮೇಲಿನ ಸ್ಟಾಪಿಗೆ ದೂಡುತ್ತದೆ. ಅಲ್ಲಿ ನಿಲ್ಲಲಾರದೆ ಕೆಳಗಿಳಿಯುವಾಗ ಒಂದು ಹಾರ್ನ್ ಹೊಡೆಯುತ್ತದೆ. ಆ ಹಾರ್ನೇ ಬೆಳಕು. ಸ್ಟಾಪುಗಳ ಅಂತರ ಪ್ರತಿ ಧಾತುವಿನಲ್ಲೂ ಬೇರೆ, ಅದಕ್ಕೇ ಅಲೆಯ ಉದ್ದ ಬೇರೆ, ಬಣ್ಣ ಬೇರೆ. ಸೋಡಿಯಂನ ಹಾರ್ನ್ ನಮ್ಮ ಕಣ್ಣಿಗೆ ಚೆನ್ನಾಗಿ ಕೇಳುವ ಹಳದಿಯಲ್ಲಿದೆ. ಪೊಟ್ಯಾಸಿಯಂನದು ಒಂದು ಕೆಂಪಿನ ಕೊನೆಯಂಚಿಗೆ, ಇನ್ನೊಂದು ನೇರಳೆಯ ಕೊನೆಯಂಚಿಗೆ. ಅಬ್ಬರದ ಮುಂದೆ ಪಾಪದವರ ಸ್ವರ ಕೇಳುವುದಿಲ್ಲ.

"ಅಬ್ಬರದವನ ಬಾಯಿ ಮುಚ್ಚಿಸಿದರೆ ಕೇಳಬಹುದು. ಅದಕ್ಕೆ ಒಂದು..." ಎನ್ನುವಷ್ಟರಲ್ಲಿ ನೆನಪಾಯಿತು, ಅದನ್ನು ನಾನು ಕೇಳಿ ತೆಗೆದಿಟ್ಟುಕೊಂಡಿರಲೇ ಇಲ್ಲ.

ಕಪಾಟಿನ ಬಾಗಿಲು ಕಿರ್ ಎಂದಿತು. ಬರ್ತಾ ಬಾಯಿ ಹಳೆಯ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ಒಂದು ನೀಲಿ ಗಾಜಿನ ತುಂಡನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಕೋಬಾಲ್ಟ್ ಗಾಜು. ಹಳದಿಯನ್ನು ನುಂಗಿ, ಎರಡೂ ಅಂಚುಗಳನ್ನು ಹೋಗಗೊಡುವ ಗಾಜು.

"ಇದನ್ನು ಮುಟ್ಟಬಹುದು," ಎಂದರು ಮೆಲ್ಲಗೆ.

ತಂತಿಯನ್ನು ಜ್ವಾಲೆಗೆ ಹಿಡಿದು ಅಕ್ಷಿತಾಳಿಗೆ ಗಾಜು ಕೊಟ್ಟೆ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು.

"ಉಂಟು ಸರ್," ಎಂದಳು. "ನೇರಳೆ ಉಂಟು. ಇಷ್ಟು ಹೊತ್ತೂ ಇತ್ತಾ ಇದು?"

"ಇಷ್ಟು ಹೊತ್ತೂ ಇತ್ತು."

ಗಾಜು ಕೈಯಿಂದ ಕೈಗೆ ಹೋಗಿ ಕೊನೆಗೆ ಹಿಂದಿನ ಬೆಂಚು ಮುಟ್ಟಿತು. ಚೈತಾಲಿ ಮೇಡಂ ಎದ್ದು ಬಂದು ಜ್ವಾಲೆಯನ್ನು ಬರಿಗಣ್ಣಿನಿಂದ ಒಮ್ಮೆ, ಗಾಜಿನಿಂದ ಒಮ್ಮೆ ನೋಡಿದರು. "ಎಲ್ಲರೂ ಸರಿಯಾಗಿ ಬಂದ ಪ್ರಯೋಗ ತೋರಿಸುತ್ತಾರೆ," ಎಂದರು ವಿಠಲ ಸರ್‌ಗೆ, ನಾನು ಅಲ್ಲಿ ಇಲ್ಲವೇನೋ ಎಂಬಂತೆ. "ತಪ್ಪು ಯಾಕೆ ಬಂತೆಂದು ಹೇಳಿದವರನ್ನು ಈ ವರ್ಷ ಇವತ್ತೇ ನೋಡಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಬಂಗುಡೆ ಚೆನ್ನಾಗಿರುತ್ತದಾ ನಿಮ್ಮಲ್ಲಿ?" ಎಂದರು. ಆಗಲೂ ನಗಲಿಲ್ಲ.

ವಿಠಲ ಸರ್ ಬರ್ತಾ ಬಾಯಿಯ ಹತ್ತಿರ ಹೋಗಿ, "ನಾನು ವಿಚಾರಿಸದೆ ಹೇಳಿದೆ, ಬೇಸರ ಮಾಡಬೇಡಿ," ಎಂದರು. ನನಗೆ, "ಸೋಮವಾರ ಒಂಬತ್ತಕ್ಕೆ ಬಂದುಬಿಡಿ."

ಎಲ್ಲರೂ ಹೋದ ಮೇಲೆ ಬಟ್ಟಲು ತೊಳೆಯುತ್ತಿದ್ದ ಬರ್ತಾ ಬಾಯಿಯ ಮುಂದೆ ನಿಂತೆ. ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ಕ್ಷಮೆಯ ಮಾತನ್ನು ತಡವರಿಸುತ್ತಲೇ ಶುರು ಮಾಡಿದೆ. ಮಾತಿನ ಮಲ್ಲನೆಂದು ಬಹುಮಾನ ಪಡೆದವನು ನಾನು.

"ಬಾಯಿ, ಅವತ್ತು ಕಾಲೇಜ್ ಡೇಯಲ್ಲಿ..."

"ನೀನು ಮಾಡಿದ್ದು ನನ್ನ ಹಾಗೆ ಇರ್ಲಿಲ್ಲ," ಎಂದರು ತಿರುಗದೆಯೇ. "ನಾನು ಮೂಗಿನಲ್ಲಿ ಹೇಳುದಾ? ಗಂಟಲಿನಲ್ಲಿ ಹೇಳುದು. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿದ್ದೇನೆ."

"ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಅಷ್ಟು ಸಲ ಹೇಳಿದಿ, ಒಂದು ಸಲ ಆದ್ರೂ ತಲೆಗೆ ಹೋಯ್ತಾ ಅಂತ ಬೇಜಾರು. ಇವತ್ತು ಹೋಯ್ತಲ್ಲ." ಕೈ ಒರೆಸಿಕೊಂಡು ಗಾಜನ್ನು ಕರ್ಚೀಫಿನಲ್ಲಿ ಸುತ್ತಿದರು. "ಥ್ಯಾಂಕ್ಸ್ ಗೀಂಕ್ಸ್ ಎಲ್ಲ ಬೇಡ ಮಾರಾಯ. ನಿಮ್ಮಲ್ಲಿ ಒಣ ಸಿಗಡಿ ಉಂಟಾ?"

ಸಂಜೆ ಉಪ್ಪನಿಗೆ ಎಲ್ಲ ಹೇಳಿದೆ. ಸಾಬೂನಿನ ಕಥೆಯನ್ನೂ ಮುಚ್ಚಿಡಲಿಲ್ಲ. ಅವರು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇದನ್ನು ಬೆಂಕಿಗೆ ಹಿಡಿದರೆ ಹಳದಿ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಈ ಕೈಯ ಹಳದಿಯಲ್ಲೇ ನಾನು ಎಂಎಸ್ಸಿ ಓದಿದ್ದೆಂದು ಹೇಳಬೇಕೆನಿಸಿತು. ಹೇಳುವ ಬದಲು ದಮ್ಮಾಮಿಗೆ ಫೋನ್ ಮಾಡಿ, ಮಾಮನಿಗೆ ಉಹೂಂ ಹೇಳಿದೆ. ಉಪ್ಪ ಎದ್ದು ಒಳ್ಳೆಯ ಸಿಗಡಿ ಆರಿಸತೊಡಗಿದರು.

ಸೋಮವಾರ ಕೈ ಮೂಸದೆ ಬಸ್ಸು ಹತ್ತಿದೆ. ಲ್ಯಾಬಿನ ಬಾಗಿಲಲ್ಲಿ ಬರ್ತಾ ಬಾಯಿ ನನ್ನ ಕೈಯ ಸಿಗಡಿ ಪೊಟ್ಟಣವನ್ನು ದೂರದಿಂದಲೇ ಕಂಡರು.

"ಅಲ್ಲೇ ಇಡು, ಒಳಗೆ ತರುದು ಬೇಡ," ಎಂದರು. "ಮತ್ತೆ ಬರೀ ನೀರಿನಲ್ಲಿ ಕೈ ತೊಳೆದು ಬಾ, ಸಾಬೂನು ಬೇಡ. ಮತ್ತೆ ತಂತಿ..."

"ಕೈಯಲ್ಲಿ ಮುಟ್ಟುದು ಬೇಡ ಆಯ್ತಾ," ಎಂದೆ, ಗಂಟಲಿನಲ್ಲಿ.

ಅವರು ಒಂದು ಕ್ಷಣ ಯೋಚಿಸಿದರು. "ಈಗ ಸರಿ ಆಯ್ತು," ಎಂದರು.