ಡಬ್ಬಿಯ ಮುಚ್ಚಳದಲ್ಲಿ ಹತ್ತು ಗುಂಡಿ

ಆ ಹೊಲಿಗೆ ಅಂಗಡಿಯಲ್ಲಿ ಸೋಮವಾರ ಗುಂಡಿ ಬೀಳದೆ ಚಹಾ ಬರುವಂತಿರಲಿಲ್ಲ. ಭಾನುವಾರ ಸಿನಿಮಾ ನೋಡಿದವರೆಲ್ಲ ತಗಡಿನ ಡಬ್ಬಿಯ ಮುಚ್ಚಳದೊಳಗೆ ಒಂದೊಂದಾಗಿ ಅಂಗಿಯ ಗುಂಡಿ ಹಾಕಬೇಕು. ಹತ್ತು ಹಾಕಿದರೆ ಸಿನಿಮಾ ಅಪ್ಪಟ ಚಿನ್ನ, ಒಂದು ಹಾಕಿದರೆ ಹೋಗಿ ಕೂತದ್ದೇ ದಂಡ. ಹಾಕುವಾಗ ಮಾತಿಲ್ಲ. ಆಮೇಲೆ ಅವರವರು ಕೊಟ್ಟ ಅಂಕಕ್ಕೆ ಅವರವರೇ ಕಾರಣ ಹೇಳಬೇಕು. ನಿದ್ದೆ ಹೊಡೆದು ಬಂದವರನ್ನು ಹಿಡಿಯಲು ಉಳಿದವರು ಪ್ರಶ್ನೆ ಕೇಳಬಹುದು.

ಕಾಜಣ್ಣನಿಗೆ ಈ ಪ್ರಶ್ನೆಗಳೆಂದರೆ ಎದೆ ಡವಡವ. ಮೂವತ್ತು ವರ್ಷದಿಂದ ಅದೇ ಕಿಟಕಿಯ ಪಕ್ಕ ಕೂತು ಕೋಟು, ಅಂಗಿಗಳ ಗುಂಡಿತೂತಿನ ಅಂಚಿಗೆ ದಾರ ಕಟ್ಟುತ್ತ, ಅಂದರೆ ಕಾಜಾ ಹೊಲಿಯುತ್ತ, ಬಂದವನು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಎರಡು ವರ್ಷದಿಂದ ಅವನು ಏನನ್ನು ನೆಟ್ಟು ನೋಡಿದರೂ ಅದರ ನಡುಭಾಗವನ್ನು ಯಾರೋ ಹೆಬ್ಬೆರಳಿನಿಂದ ಒರೆಸಿದಂತೆ ಮಬ್ಬು. ಕಪ್ಪು, ನೀಲಿ, ಕಡುಗೆಂಪು ಮೂರೂ ಒಂದೇ. ಕಾಜಾ ಹೊಲಿಯಲು ಬೆರಳು ಸಾಕಿತ್ತು, ಸೂಜಿಗೆ ದಾರ ಪೋಣಿಸಲು ಬೆರಳು ಸಾಲದು. ಅದಕ್ಕೇ ಹೆಂಡತಿ ದಿನಾ ಬೆಳಗ್ಗೆ ನಲವತ್ತು ಸೂಜಿಗೆ ದಾರ ಪೋಣಿಸಿ, ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ, ಅವನ ಸೂಜಿದಿಂಬಿಗೆ ಚುಚ್ಚಿ ಕಳಿಸುತ್ತಿದ್ದಳು. ಸಿನಿಮಾದಲ್ಲೂ ಪಕ್ಕದಲ್ಲಿ ಕೂತು ಕಂಡದ್ದನ್ನು ಪಿಸುಗುಟ್ಟುತ್ತಿದ್ದಳು. ಉಳಿದದ್ದಕ್ಕೆ ಕಿವಿ ಇತ್ತು. ಚಿಕ್ಕಂದಿನಲ್ಲಿ ಅಜ್ಜ ಕಾವ್ಯ ಓದುವಾಗ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿ ಬೆಳೆದ ಕಿವಿ ಅದು. ಓದುವವರ ಉಸಿರು ಎಲ್ಲಿ ನಿಂತಿತು ಎಂಬುದರಿಂದಲೇ ಮುಂದೆ ಬರುವುದು ಯುದ್ಧವೋ ಅಳುವೋ ಎಂದು ಹೇಳಬಲ್ಲದು.

ಆದರೆ ಶನಿವಾರದಿಂದ ಹೆಂಡತಿ ಜ್ವರದಲ್ಲಿ ಮಲಗಿದ್ದಳು. ಭಾನುವಾರದ ಸಿನಿಮಾ ತಪ್ಪಿಸುವಂತಿರಲಿಲ್ಲ. ಅದರಲ್ಲಿ ನಾಯಕ ತೊಟ್ಟ ವಕೀಲರ ಕೋಟು ಇದೇ ಅಂಗಡಿಯಲ್ಲಿ ಹೊಲಿದದ್ದು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ನೋಡಬೇಕೆಂದು ಅಂಗಡಿಯ ಯಜಮಾನರೂ ಬಟ್ಟೆ ಕತ್ತರಿಸುವವರೂ ಆದ ಮಾಸ್ಟರು ಹೇಳಿಬಿಟ್ಟಿದ್ದರು. ಕಾಜಣ್ಣ ಹೆಂಡತಿಯಿಲ್ಲದೆ ಹೋಗಿ ಬಂದ. ಸೋಮವಾರ ಬೆಳಗ್ಗೆಯೂ ಆಕೆಗೆ ತಲೆ ಎತ್ತಲಾಗಲಿಲ್ಲ. ಅವನು ಖಾಲಿ ಸೂಜಿಗಳನ್ನೇ ತಂದಿದ್ದ. ತೊಡೆಯ ಮೇಲೆ ಬಿಳಿ ಅಂಗಿ ಹರಡಿ, ಕತ್ತರಿಸಿಟ್ಟ ತೂತಿನೊಳಗೆ ದಾರವಿಲ್ಲದ ಸೂಜಿ ಆಡಿಸುತ್ತ, ನೋಡುವವರಿಗೆ ಕೆಲಸದಲ್ಲಿ ಮುಳುಗಿದವನ ಹಾಗೆ ಕೂತಿದ್ದ.

ಹಿರಿಯನೆಂದು ಮೊದಲು ಅವನೇ ಗುಂಡಿ ಹಾಕಿದ. ಹತ್ತು. ಆಮೇಲೆ ಹೊಲಿಗೆ ಯಂತ್ರದವನು. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರು. ಅವನದು ನಾಲ್ಕು. ಬಳಿಕ ಮಾಸ್ಟರು. ಟಣ್, ಟಣ್, ಟಣ್. ಕಾಜಣ್ಣ ಇನ್ನೂ ಬೀಳುತ್ತವೆಂದು ಕಾದ. ಬೀಳಲಿಲ್ಲ. ತಮ್ಮ ಅಂಗಡಿಯ ಕೋಟಿರುವ ಸಿನಿಮಾಕ್ಕೆ ಮಾಸ್ಟರು ಕೊಟ್ಟದ್ದು ಬರೀ ಮೂರು. ಕೊನೆಗೆ ಅಂಚು ಹೊಲಿಯುವ ಹೆಂಗಸು. ಅವಳನ್ನು ಅಂಗಡಿಗೆ ಕರೆತಂದವನು ಕಾಜಣ್ಣನೇ. ಅವನು ತಂಗಿ ಅಂದದ್ದರಿಂದ ಎಲ್ಲರಿಗೂ ಅವಳು ತಂಗಿ. ಎರಡು ಮಕ್ಕಳನ್ನು ಒಂಟಿಯಾಗಿ ಸಾಕುತ್ತಿದ್ದಳು. ಅವಳ ಗುಂಡಿ ಒಂದೇ. ಅದೂ ಮುಚ್ಚಳದ ಅಂಚಿಗೆ ಬಡಿದು ಒಳಗೆ ಬಿತ್ತು.

"ಹತ್ತು ಸುರಿದುಬಿಟ್ಯಲ್ಲ ಕಾಜಣ್ಣ, ಮಾವನ ಮನೆ ಸಿನಿಮಾನಾ?" ಎಂದ ರೇಡಿಯೋ.

ಕಾಜಣ್ಣ ಕಾರಣ ಹೇಳಿದ. ಹನ್ನೆರಡು ವರ್ಷ ದೂರವಿದ್ದ ಮಗ ವಕೀಲನಾಗಿ ಬಂದು ತಾಯಿಯ ಮುಂದೆ ನಿಂತಾಗ ಅಲ್ಲಿ ಒಂದೂ ಮಾತಿಲ್ಲ, ವಾದ್ಯವಿಲ್ಲ. ಬಟ್ಟೆಯ ಮೇಲೆ ಅಂಗೈ ಸವರುವ ಸದ್ದು, ಆಮೇಲೆ ಆಕೆಯ ಉಸಿರು, ಅಷ್ಟೇ. ನಮ್ಮ ಸಾಲಿನಲ್ಲೇ ಎಲ್ಲರೂ ಹಾ ಅಂದಿರಲ್ಲ, ಅಂಥ ಮೌನ ಹಿಡಿದವರಿಗೆ ಹತ್ತೂ ಕಡಿಮೆಯೇ ಎಂದ.

"ಆ ಅಮ್ಮ ಕೈ ಎಲ್ಲಿಟ್ಳು?" ರೇಡಿಯೋ ಕೇಳಿದ.

"ಎದೆ ಮೇಲೆ," ಎಂದ ಕಾಜಣ್ಣ. ದಪ್ಪ ಬಟ್ಟೆ, ಒಳಗೆ ಅಸ್ತರು, ಸದ್ದೇ ಹೇಳಿತ್ತು.

"ಕೈ ತೆಗೆದಾಗ ಅಲ್ಲೇನು ಕಂಡ್ತು?"

ಕಾಜಣ್ಣ ಅಂಗಿಯ ತೂತಿನೊಳಗೆ ಮತ್ತೆ ಸೂಜಿ ಆಡಿಸಿದ. ಕೊನೆಗೆ ಮಾಸ್ಟರೇ ಹೇಳಿದರು. ಪರದೆಯ ಅಗಲಕ್ಕೂ ಕೋಟಿನ ಎದೆ. ಕರಿ ಬಟ್ಟೆಯ ನಡುವೆ, ಮೇಲಿನಿಂದ ಎರಡನೇ ಕಾಜಾ, ಕಡುಗೆಂಪು ದಾರದ್ದು. ಹುಣ್ಣಿನ ಹಾಗೆ. ಹಿಂದಿನ ಸಾಲಿನವರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು. ನಮ್ಮ ಸಾಲು ಹಾ ಎಂದದ್ದು ಅದಕ್ಕೇ.

ಕಾಜಣ್ಣನಿಗೆ ಆ ಕೋಟು ಮುಗಿಸಿದ ದಿನ ನೆನಪಾಯಿತು. ಸಂಜೆಗೆ ಕೋಟು ಹೋಗಲೇಬೇಕು, ಮಾಸ್ಟರಿಗೂ ಬಿಡಿಸಿ ನೋಡಲು ಹೊತ್ತಿರಲಿಲ್ಲ, ಎರಡು ಕಾಜಾ ಬಾಕಿ, ಹೆಂಡತಿ ಪೋಣಿಸಿದ ಕರಿದಾರ ಮುಗಿದಿತ್ತು. ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟಬಾರದೆಂಬುದು ಅಂಗಡಿಯ ಕಟ್ಟಳೆ. ತಂಗಿ ನೀರು ಕುಡಿಯಲು ಎದ್ದಾಗ ಅವಳ ಸೂಜಿದಿಂಬಿನಿಂದ ಎರಡು ಸೂಜಿ ಎತ್ತಿಕೊಂಡಿದ್ದ. ಒಂದು ಕಪ್ಪೇ ಆಗಿರಬೇಕು. ಇನ್ನೊಂದು?

ಮಾಸ್ಟರು ಆಗಲೇ ತಂಗಿಯ ಕಡೆ ತಿರುಗಿದ್ದರು. ಆ ವಾರ ಕೆಂಪು ದಾರವಿದ್ದದ್ದು ಅವಳೊಬ್ಬಳ ಹತ್ತಿರ, ಕೋಟಿನ ಒಳ ಅಂಚು ಹೊಲಿದವಳೂ ಅವಳೇ. ಅಸ್ತರು ಹೊಲಿಯುವಾಗ ಕಾಜಾ ಬಿಚ್ಚಿಹೋಗಿರಬೇಕು, ಮುಚ್ಚಿಹಾಕಲು ತಾನೇ ಹೊಲಿದಿದ್ದಾಳೆ ಎಂದು ಅವರ ಲೆಕ್ಕ.

"ನಾನು ಒಳಗಿನ ಅಂಚು ಬಿಟ್ಟು ಬೇರೇನೂ ಮುಟ್ಟಿಲ್ಲ ಮಾಸ್ಟ್ರೇ."

"ಮತ್ತೆ ಕಾಜಣ್ಣ ಮಾಡಿದ್ನಾ? ಮೂವತ್ತು ವರ್ಷದಲ್ಲಿ ಒಂದು ಎಳೆ ತಪ್ಪಿದವನಲ್ಲ. ನಾಳೆಯಿಂದ ಬರಬೇಡಮ್ಮ."

ಅವಳು ಅಳಲಿಲ್ಲ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ತಗಡಿನ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಸಣ್ಣ ಸದ್ದು ಕಾಜಣ್ಣನಿಗೆ ಹತ್ತು ಗುಂಡಿಗಿಂತ ದೊಡ್ಡದಾಗಿ ಕೇಳಿಸಿತು. ಬಾಯಿ ಬಿಟ್ಟರೆ ಕಿಟಕಿಯ ಪಕ್ಕದ ಜಾಗ ಹೋಗುತ್ತದೆ. ಬಿಡದಿದ್ದರೆ, ದೇವರು ಕಣ್ಣು ಮಾತ್ರ ತೆಗೆದುಕೊಂಡಿದ್ದಾನೆ, ಉಳಿದದ್ದನ್ನು ತಾನೇ ಕೈಯಾರೆ ಕೊಟ್ಟಂತೆ.

"ಆ ಕಾಜಾ ನಂದು," ಎಂದ.

ಯಾರೂ ನಂಬಲಿಲ್ಲ. ಅವಳನ್ನು ಉಳಿಸಲು ಧರ್ಮರಾಯನ ಅವತಾರ ಎತ್ತಬೇಡ ಎಂದರು ಮಾಸ್ಟರು. ಕೆಂಪಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದಿರಲು ನೀನೇನು ಕುರುಡನಾ ಎಂದು ರೇಡಿಯೋ ನಕ್ಕ. ಎರಡು ವರ್ಷ ಎಲ್ಲರ ಕಣ್ಣಿಗೆ ಮಣ್ಣೆರಚಿದವನು ಈಗ ತನ್ನ ಕಣ್ಣಿನ ಮಣ್ಣನ್ನು ತಾನೇ ತೋರಿಸಬೇಕಾಗಿ ಬಂತು.

ಕಾಜಣ್ಣ ತೊಡೆಯ ಮೇಲಿನ ಅಂಗಿಯನ್ನು ಎತ್ತಿ ಚಾಚಿದ. "ಬೆಳಗ್ಗೆ ಒಂಬತ್ತರಿಂದ ಇದನ್ನ ಹೊಲೀತಿದ್ದೀನಿ. ಎಷ್ಟಾಗಿದೆ ನೋಡಿ ಮಾಸ್ಟ್ರೇ."

ಮಾಸ್ಟರು ಅಂಗಿಯನ್ನು ಬೆಳಕಿಗೆ ಹಿಡಿದದ್ದು ಬಟ್ಟೆಯ ಸರಬರ ಸದ್ದಿನಿಂದ ತಿಳಿಯಿತು. ಆರು ತೂತು, ಒಂದು ಹೊಲಿಗೆಯಿಲ್ಲ. ಆಮೇಲೆ ಅವನ ಸೂಜಿದಿಂಬನ್ನು ಎತ್ತಿಕೊಂಡರು. ನಲವತ್ತು ಸೂಜಿ, ಒಂದರಲ್ಲೂ ದಾರವಿಲ್ಲ.

"ಎಷ್ಟು ದಿನದಿಂದ?" ಎಂದರು ಮಾಸ್ಟರು.

"ಎರಡು ವರ್ಷ. ನಮ್ಮನೆಯವಳು ಪೋಣಿಸಿ ಕಳಿಸ್ತಿದ್ಳು. ಈಗ ಜ್ವರ."

ಮಾಸ್ಟರು ತಂಗಿಗೆ ಹೋಗಿ ಕೆಲಸ ನೋಡು ಎಂದಷ್ಟೇ ಹೇಳಿದರು. ಬೆರಳಿನ ಟೋಪಿ ಮತ್ತೆ ಬೆರಳಿಗೆ ಏರಿತು. ಆಮೇಲೆ ಇವನ ಕಡೆ ತಿರುಗಿ, ಹಾಕಿದ ಹತ್ತರಲ್ಲಿ ಎಷ್ಟು ವಾಪಸ್ಸು ತಗೋತೀಯ ಎಂದು ಕೇಳಿದರು. ದನಿಯಲ್ಲಿ ಕೋಪವೇ ಇತ್ತು.

ಕಾಜಣ್ಣ ಯೋಚಿಸಿದ. "ಕೇಳಿದ್ದಕ್ಕೆ ಹತ್ತೇ, ಮಾಸ್ಟ್ರೇ. ನೋಡಿದ್ದಕ್ಕೆ ನೀವು ಕೊಟ್ಟಿದ್ದೇ ಸರಿ."

ಚಹಾ ಬಂತು, ಆರಿತು. ಉಂಡೆಯಿಂದ ದಾರ ಬಿಚ್ಚುವ ಸದ್ದು, ಹಲ್ಲಿನಿಂದ ಕಡಿಯುವ ಸದ್ದು ಕೇಳಿಸಿತು. ಅವನ ಅಂಗೈಯೊಳಗೆ ಒಂದು ಸೂಜಿ ಬಂತು. ಬಾಲದಲ್ಲಿ ದಾರವಿತ್ತು. ಕೊಟ್ಟ ಕೈ ಒರಟಾಗಿತ್ತು, ಕತ್ತರಿ ಹಿಡಿದು ಜಡ್ಡುಗಟ್ಟಿದ ಕೈ.

ಎರಡು ವರ್ಷ ನಾಲಿಗೆಯ ಕೆಳಗೆ ಅದುಮಿಟ್ಟ ಮಾತನ್ನು ಅವನು ಆಗ ಎಲ್ಲರಿಗೂ ಕೇಳುವಂತೆ ಕೇಳಿದ. "ಇದ್ಯಾವ ಬಣ್ಣ?"

"ಬಿಳಿ," ಎಂದರು ಮಾಸ್ಟರು. "ಇನ್ಮೇಲೆ ನಿಂಗೆ ಬಿಳಿ ಅಂಗಿ ಮಾತ್ರ. ಕೋಟು ಮುಟ್ಟಬೇಡ."

ಕಾಜಣ್ಣ ತೂತಿನ ಅಂಚನ್ನು ಉಗುರಿನಿಂದ ಹುಡುಕಿ ಮೊದಲ ಹೊಲಿಗೆ ಹಾಕಿದ.